ಫೈಲಿನಲ್ಲಿದ್ದ ಎರಡು ಕಾಗದಗಳು

ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ ಎನ್ನುವಾಗ ನನ್ನ ಹೆಸರಿನ ತಕರಾರು ಶುರುವಾಯಿತು. ಬೆಂಗಳೂರಿನ ವಿಜಯನಗರದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜ ವಿಜ್ಞಾನ ಕಲಿಸಿದ್ದೆ. ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದ ವ್ಯತ್ಯಾಸ ಪೆನ್ಷನ್ ಕಾಗದಗಳು ಹೊರಡುವ ಹೊತ್ತಿಗೆ ಎದ್ದು ಕಂಡಿತು. ಡಿಗ್ರಿ ಸರ್ಟಿಫಿಕೇಟಿನಲ್ಲಿ ನನಗೆ ಒಂದೇ ಇನಿಷಿಯಲ್, ಸರ್ವಿಸ್ ರಿಜಿಸ್ಟರಿನಲ್ಲೂ ಆಧಾರಿನಲ್ಲೂ ಎರಡು.

“ನೀವು ಓದಿದ ಕಾಲೇಜಿಂದ ಅಡ್ಮಿಷನ್ ಆದಾಗಿನ ದಾಖಲೆ ತಂದ್ಬಿಡಿ ಮೇಡಂ, ಸರಿಹೋಗತ್ತೆ” ಎಂದರು ನಮ್ಮ ಶಾಲೆಯ ಗುಮಾಸ್ತರು.

ನಾನು ಓದಿದ್ದು ರಾಜಾಜಿನಗರದ ಒಂದು ಮಹಿಳಾ ಕಾಲೇಜಿನಲ್ಲಿ. ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಟ್ರಾಫಿಕ್ ಇದ್ದರೆ ಮುಕ್ಕಾಲು ಗಂಟೆ. ಆದರೂ ಬಿ.ಎ. ಮುಗಿಸಿ ಹೊರಬಿದ್ದ ಮೇಲೆ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಒಂದು ಶನಿವಾರ ಬೆಳಗಿನ ತರಗತಿಗಳನ್ನು ಮುಗಿಸಿಕೊಂಡು ಹೋದೆ. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ನಾನು ಓದಿದ ವರ್ಷ ಕೇಳಿ ಕಣ್ಣರಳಿಸಿದಳು.

“ಅಷ್ಟು ಹಳೇದು ಇಲ್ಲಿರಲ್ಲ ಆಂಟಿ. ಮೇಲೆ ಆರ್ಕೈವ್ಸ್ ಅಂತ ಮಾಡಿದಾರೆ. ಸೆಕೆಂಡ್ ಫ್ಲೋರ್, ಕೊನೇ ರೂಮು. ಅಲ್ಲೊಬ್ರು ಸಾರ್ ಇರ್ತಾರೆ, ಕೇಳಿ.”

ಕೊನೆಯ ಕೋಣೆ ನಮ್ಮ ಕಾಲದಲ್ಲಿ ಹೋಮ್ ಸೈನ್ಸ್ ಲ್ಯಾಬ್ ಆಗಿತ್ತು. ಗೋಡೆಯ ಪಕ್ಕದ ಕಡಪಾ ಕಲ್ಲಿನ ಕಟ್ಟೆಯೂ ಮೂಲೆಯ ಸಿಂಕೂ ಹಾಗೇ ಇದ್ದವು. ಈಗ ಆ ಕಟ್ಟೆಯ ಮೇಲೆ, ಕೆಳಗೆ, ಕಬ್ಬಿಣದ ಬೀರುಗಳಲ್ಲಿ, ಎಲ್ಲೆಲ್ಲೂ ಬಿಳಿ ದಾರದಿಂದ ಕಟ್ಟಿದ ರಟ್ಟಿನ ಪೆಟ್ಟಿಗೆಗಳು. ಕಿಟಕಿಯ ಬಳಿ ಮೇಜಿನ ಮುಂದೆ ವಯಸ್ಸಾದ ಒಬ್ಬರು ಮೂಗಿಗೆ ಮಾಸ್ಕ್ ಹಾಕಿಕೊಂಡು, ಬಣ್ಣ ಬಳಿಯುವ ಅಗಲ ಬ್ರಷ್‌ನಿಂದ ಒಂದು ರಿಜಿಸ್ಟರಿನ ಧೂಳು ತೆಗೆಯುತ್ತಿದ್ದರು. ಇದೇ ಕಾಲೇಜಿನ ಲೈಬ್ರರಿಯನ್ ಆಗಿದ್ದು ನಿವೃತ್ತರಾದವರು. ಹಳೆಯ ಕಾಗದಗಳನ್ನೆಲ್ಲ ತೂಕಕ್ಕೆ ಹಾಕುವ ಮಾತು ಬಂದಾಗ, “ಒಂದು ರೂಮು ಕೊಡಿ, ನಾನು ನೋಡ್ಕೋತೀನಿ” ಎಂದು ಕೇಳಿಕೊಂಡು ವಾಪಸ್ಸು ಬಂದವರಂತೆ. ಇದನ್ನು ಅವರು ಹೇಳಲಿಲ್ಲ, ಎಷ್ಟೋ ದಿನದ ಮೇಲೆ ಬೇರೆಯವರಿಂದ ಗೊತ್ತಾಯಿತು.

“ರಿಜಿಸ್ಟರ್ ನಂಬರ್ ನೆನಪಿದೆಯಾ?” ಎಂದು ಕೇಳಿದರು.

ನೆನಪಿತ್ತು. ಮೂರು ವರ್ಷ ದಿನಕ್ಕೆ ಐದು ಸಲ ಹಾಜರಿ ಹೇಳಿದ ಸಂಖ್ಯೆ ಅದು. ಹೇಳಿದ ತಕ್ಷಣ ಎದ್ದುಹೋಗಿ, ಯಾವ ಪಟ್ಟಿಯನ್ನೂ ನೋಡದೆ ಒಂದು ಪೆಟ್ಟಿಗೆ ಇಳಿಸಿ, ಅದರಿಂದ ತೆಳ್ಳಗಿನ ಫೈಲೊಂದನ್ನು ತೆಗೆದು ನನ್ನ ಮುಂದಿಟ್ಟರು.

“ನಿಮ್ಮ ಫೈಲ್ ನೀವು ನೋಡ್ಬಹುದು, ಬೇರೆಯವರದ್ದು ಕೊಡಲ್ಲ. ಒಳಗೇನಿದೆ ಅಂತ ನಾನೂ ಓದಿಲ್ಲ. ಧೂಳು ಒರೆಸಿ ಇಟ್ಟಿದೀನಿ ಅಷ್ಟೇ.”

ಮೊದಲ ಹಾಳೆ ನನ್ನ ಅಡ್ಮಿಷನ್ ಅರ್ಜಿ. ಎಡಗಡೆ ಎರಡು ಜಡೆಯ, ಹೆದರಿದ ಕಣ್ಣಿನ ಹುಡುಗಿಯ ಫೋಟೋ. ಕೆಳಗೆ ಅಪ್ಪನ ರುಜು. ಅಪ್ಪ ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿ ನೇಯ್ಗೆ ಖಾತೆಯಲ್ಲಿದ್ದ. ಅವನ ರುಜುವೆಂದರೆ ಪೂರ್ತಿ ಹೆಸರು, ಒಂದೊಂದಕ್ಷರವೂ ಬಿಡಿಬಿಡಿಯಾಗಿ, ಕೊನೆಯಲ್ಲೊಂದು ಚುಕ್ಕಿ. ಮೇಲೆ ನನ್ನ ಹೆಸರಿನ ಮುಂದೆ ಇನಿಷಿಯಲ್ ಎರಡೂ ಇದ್ದವು. ನನಗೆ ಬೇಕಾಗಿದ್ದು ಅಷ್ಟೇ. ಅಲ್ಲಿಗೇ ಫೈಲ್ ಮುಚ್ಚಿ ಪ್ರತಿ ಕೇಳಬಹುದಿತ್ತು. ಸುಮ್ಮನೆ ಇರಲಿ ಎಂದು ಇನ್ನೊಂದು ಹಾಳೆ ಮಗುಚಿದೆ.

ಅದೊಂದು ಇಂಗ್ಲಿಷ್ ಕಾಗದ. ಕೋರ್ಟು ಕಚೇರಿಯ ದುಂಡಗಿನ ಬರಹ. ಪ್ರಿನ್ಸಿಪಾಲರಿಗೆ ಬರೆದದ್ದು. ನನ್ನ ಮಗಳ ಮದುವೆ ನಿಶ್ಚಯವಾಗಿರುವುದರಿಂದ ಅವಳ ಹೆಸರನ್ನು ಕಾಲೇಜಿನಿಂದ ತೆಗೆದುಹಾಕಿ ಟಿ.ಸಿ. ಕೊಡಬೇಕಾಗಿ ಕೋರುತ್ತೇನೆ ಎಂದಿತ್ತು. ಬರಹ ನಮ್ಮ ಸೋದರಮಾವನದು. ಅವನು ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದ, ಅವನ ಅಕ್ಷರ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಅದರ ಕೆಳಗೆ ಮಾತ್ರ ಅಪ್ಪನ ಬಿಡಿಬಿಡಿ ಅಕ್ಷರದ ರುಜು, ಚುಕ್ಕಿ ಸಮೇತ. ನಾನಾಗ ಎರಡನೇ ಬಿ.ಎ.ಯಲ್ಲಿದ್ದೆ.

ಕಾಗದದ ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಕನ್ನಡದ ಎರಡು ಸಾಲು: “ನಾನು ಮನೆಗೆ ಹೋಗಿ ಮಾತಾಡಿ ಬರುವ ತನಕ ತಡೆದಿಡುವುದು. ಹೆಸರು ಹೊಡೆಯಬೇಡಿ.” ನಮ್ಮ ಕನ್ನಡ ಮೇಡಂ ಅವರ ಕೈಬರಹ. ಅದರ ಪಕ್ಕ ಪ್ರಿನ್ಸಿಪಾಲರ ಹಸಿರು ಇಂಕು: “ಆಗಬಹುದು.”

ಅದರ ಹಿಂದೆಯೇ ಇನ್ನೊಂದು ಕಾಗದ. ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ. ಶುರುವಿನಿಂದ ಕೊನೆಯವರೆಗೆ ಅಪ್ಪನದೇ ಅಕ್ಷರ.

“ಮಹಾಸ್ವಾಮಿಯವರಿಗೆ. ಹೋದ ವಾರ ಕೊಟ್ಟ ಕಾಗದದಲ್ಲಿ ರುಜು ನಂದು, ಬರೆದದ್ದು ನಾನಲ್ಲ. ಎಂಟು ದಿನದ ರಜಾ ಅಂತ ತಿಳಿದು ರುಜು ಹಾಕಿದೆ. ಓದಿಸಿ ಕೇಳದೆ ಹಾಕಿದ್ದು ನನ್ನ ತಪ್ಪು. ಇದನ್ನು ನಾನೇ ಬರೆದಿದ್ದೇನೆ. ಮಗಳು ಪರೀಕ್ಷೆ ಮುಗಿಯುವ ತನಕ ಓದಲಿ. ನಮ್ಮ ವಂಶದಲ್ಲಿ ಕಾಲೇಜಿಗೆ ಬಂದವಳು ಇವಳೊಬ್ಬಳೇ. ಮೊದಲನೇ ಕಾಗದದ ವಿಷಯ ಅವಳಿಗೆ ತಿಳಿಸಬಾರದಾಗಿ ಪ್ರಾರ್ಥನೆ. ಬೇಜಾರು ಮಾಡಿಕೊಳ್ಳುತ್ತಾಳೆ.”

ಲೈಬ್ರರಿಯನ್ ಸಾರ್ ಎದ್ದುಹೋಗಿ ಒಂದು ಲೋಟ ನೀರು ತಂದಿಟ್ಟರು. ನಾನು ಅಳುತ್ತಿದ್ದೇನೆ ಎಂಬುದು ನನಗೆ ಗೊತ್ತಾದದ್ದು ಆಗಲೇ. “ಕಾಗದದ ಮೇಲೆ ಬೀಳದ ಹಾಗೆ ನೋಡ್ಕೊಳ್ಳಮ್ಮ, ಇಂಕು ಹರಿಯತ್ತೆ” ಎಂದರು ಮೆಲ್ಲಗೆ. ಅಳುವಿನ ನಡುವೆಯೇ ನಗು ಬಂತು.

ಅವೆರಡು ಕಾಗದ ನನ್ನನ್ನು ಅಷ್ಟು ಅಲುಗಿಸಿದ್ದಕ್ಕೆ ಕಾರಣ ಹೇಳಬೇಕು. ಆ ಮದುವೆ ಮಾತುಕತೆ ನನಗೆ ಚೆನ್ನಾಗಿ ನೆನಪಿತ್ತು. ಮಾಗಡಿ ಕಡೆಯಿಂದ ನನ್ನನ್ನು ನೋಡಲು ಬಂದಿದ್ದರು. ಮಾವನೇ ಕರೆತಂದಿದ್ದ. ಅಮ್ಮನ ಹಸಿರು ಸೀರೆ ಉಟ್ಟು ಕಾಫಿ ಕೊಟ್ಟಿದ್ದೆ. ಹುಡುಗನ ಚಿಕ್ಕಮ್ಮನೋ ದೊಡ್ಡಮ್ಮನೋ ಒಬ್ಬಾಕೆ, “ಹುಡುಗಿ ಬಣ್ಣ ಒಂಚೂರು ಕಮ್ಮಿ” ಎಂದದ್ದು ಅಡುಗೆಮನೆಗೆ ಕೇಳಿಸಿತ್ತು. ಆಮೇಲೆ ಅವರ ಸುದ್ದಿಯೇ ಇಲ್ಲ. ಕೇಳಿದರೆ ಅಮ್ಮ, “ಜಾತಕ ಕೂಡಿ ಬರಲಿಲ್ಲ ಬಿಡು” ಎಂದುಬಿಟ್ಟಳು. ಬಣ್ಣ ಕಮ್ಮಿ ಎಂದು ಅವರೇ ಬೇಡವೆಂದರು ಎಂದು ನಾನು ತಿಳಿದೆ. ಹತ್ತೊಂಬತ್ತು ವರ್ಷದ ಹುಡುಗಿಗೆ ಅದು ಸಣ್ಣ ವಿಷಯವಲ್ಲ. ಮುಂದೆ ಕೆಲಸ ಸಿಕ್ಕಿತು, ಒಳ್ಳೆಯ ಕಡೆ ಮದುವೆಯೂ ಆಯಿತು. ಆದರೂ ಗ್ರೂಪ್ ಫೋಟೋ ಎಂದರೆ ನಾನು ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದೆ. ಶಾಲೆಯ ಅಷ್ಟೂ ವರ್ಷದ ಫೋಟೋಗಳಲ್ಲಿ ನನ್ನ ಅರ್ಧ ಮುಖವೇ ಇರುವುದು.

ಮೇಡಂ ಮನೆಗೆ ಬಂದದ್ದೂ ನೆನಪಿತ್ತು. ಮಿಲ್ಲಿನ ಲೈನು ಮನೆ, ಒಂದು ಕೋಣೆ, ಮುಂದೊಂದು ಜಗುಲಿ. ಸಂಜೆ ಅಪ್ಪ ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಛತ್ರಿ ಹಿಡಿದ ಮೇಡಂ ಮನೆಯ ನಂಬರ್ ಹುಡುಕಿಕೊಂಡು ಬಂದರು. ಹಾಜರಿ ಕಡಿಮೆಯಾದದ್ದಕ್ಕೆ ದೂರು ಹೇಳಲು ಬಂದಿದ್ದಾರೆ ಎಂದುಕೊಂಡೆ. ಅಮ್ಮ ಹಾಲು ತರಲು ನನ್ನನ್ನು ಅಂಗಡಿಗೆ ಅಟ್ಟಿದಳು. ಬರುವಷ್ಟರಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಮೇಡಂ ಕಾಫಿ ಕುಡಿದು, ಹೊರಡುವಾಗ, “ನಾಳೆ ಕ್ಲಾಸಿಗೆ ಬಾ, ತಪ್ಪಿಸಬೇಡ” ಎಂದಷ್ಟೇ ಹೇಳಿದರು. ಬಿ.ಎ. ಮುಗಿಯುವ ತನಕ ಅವರ ತರಗತಿಯಲ್ಲಿ ಕೂತೆ. ಒಂದು ದಿನವೂ ಆ ಮಾತು ಎತ್ತಲಿಲ್ಲ.

ಅಂದು ಪ್ರತಿಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ನೇರವಾಗಿ ಮನೆಗೆ ಬಂದೆ. ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ. ಎಂಬತ್ತು ದಾಟಿದರೂ ಬಾಯಿಯೂ ನೆನಪೂ ಗಟ್ಟಿ. ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪನ ಕಾಗದ ಓದಿ ಹೇಳಿದೆ. ಅವಳ ಕೈ ನಿಂತಿತು.

“ಆ ಕಾಗದ ಇನ್ನೂ ಇದೆಯಾ?” ಎಂದಳು.

“ಇದೆ. ಮಾಗಡಿಯವರು ನನ್ನನ್ನ ಬೇಡ ಅನ್ಲಿಲ್ವಾ ಹಂಗಾದ್ರೆ?”

“ಅವರೆಲ್ಲಿ ಬೇಡ ಅಂದ್ರು? ಮುಂದಿನ ತಿಂಗಳೇ ಮದುವೆ ಆಗ್ಲಿ, ಕಾಲೇಜು ಬಿಡಿಸಿ ಅಂತ ಕೂತಿದ್ರು. ನಿಮ್ಮಪ್ಪನೇ ಬೇಡ ಅಂದಿದ್ದು.”

“ಮೇಡಂ ಬಂದು ಬುದ್ಧಿ ಹೇಳಿದ್ರಾ?”

“ಬುದ್ಧಿಗಿದ್ಧಿ ಏನೂ ಹೇಳ್ಲಿಲ್ಲ ಆಯಮ್ಮ. ಆ ಇಂಗ್ಲಿಷ್ ಕಾಗದ ತಂದಿದ್ರು, ಕನ್ನಡದಲ್ಲಿ ಓದಿ ಹೇಳಿದ್ರು. ‘ಇದು ನಿಮಗೆ ಗೊತ್ತಿದ್ದೇ ಮಾಡಿದ್ದಾ?’ ಅಂತ ಕೇಳಿದ್ರು, ಅಷ್ಟೇ. ನಿಮ್ಮ ಮಾವ ರಜಾ ಚೀಟಿ ಅಂತ ಹೇಳಿ ರುಜು ಹಾಕಿಸ್ಕೊಂಡಿದ್ದ. ಅವನಿಗೂ ನಿನ್ನ ಮೇಲೆ ಕೆಟ್ಟ ಮನಸ್ಸೇನಿರ್ಲಿಲ್ಲ ಕಣೇ. ಒಳ್ಳೆ ಮನೆ, ಕೈತಪ್ಪಿ ಹೋಗ್ಬಾರ್ದು ಅಂತ ಆತುರ.”

“ನಂಗ್ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?”

“ಹೇಳಿದ್ರೆ ನಿಮ್ಮ ಮಾವನ ಮುಖ ನೋಡ್ತಿದ್ದೆಯಾ ನೀನು? ನನಗಿದ್ದೋನು ಅವನೊಬ್ಬ.”

ನನ್ನ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವನು ಅದೇ ಮಾವ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ದಿನ ಕೂತವನು. ತೀರಿಕೊಂಡು ಹತ್ತು ವರ್ಷವಾಗಿದೆ. ಆ ಕಾಗದ ನನಗೆ ಇಪ್ಪತ್ತರಲ್ಲಿ ಸಿಕ್ಕಿದ್ದರೆ ಅವನನ್ನು ನಾನು ಕಳೆದುಕೊಳ್ಳುತ್ತಿದ್ದೆ. ಅಮ್ಮ ಹೇಳಿದ ಸುಳ್ಳಿನ ಮೇಲೆ ಕೋಪ ಬಂತು, ನಿಜ. ಅವಳ ಪಕ್ಕ ಕೂತು ಒಂದು ಬೊಗಸೆ ಕಾಯಿ ಸುಲಿಯುವಷ್ಟರಲ್ಲಿ ಅರ್ಧ ಇಳಿಯಿತು. ಉಳಿದರ್ಧ ಇಳಿಯಲು ವಾರ ಹಿಡಿಯಿತು.

ಮೇಡಂ ಕೆಂಗೇರಿ ಉಪನಗರದಲ್ಲಿ ತಮ್ಮ ತಂಗಿಯ ಜೊತೆ ಇದ್ದಾರೆ ಎಂದು ಹೇಳಿದವರು ಲೈಬ್ರರಿಯನ್ ಸಾರ್. ಮೇಡಂ ತಮ್ಮ ಬಳಿಯಿದ್ದ ಹಳೆಯ ಕಾಗದಗಳನ್ನು ಆರ್ಕೈವ್ಸಿಗೆ ಕೊಡುತ್ತೇನೆ ಎಂದವರು ಯಾಕೋ ಹಿಂದೇಟು ಹಾಕುತ್ತಿದ್ದಾರಂತೆ. ಮೇಡಂ ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಸಾರ್ ನನಗೆ ವಿಳಾಸ ಕೊಟ್ಟರು. ಒಂದು ಭಾನುವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಮೇಷ್ಟರಗಿರಿ ಮಾಡಿದವಳಿಗೆ ಮಾತಿಗೇನು ಬರ? ಆದರೂ ಕೆಂಗೇರಿ ಬರುವಷ್ಟರಲ್ಲಿ ಒಂದು ವಾಕ್ಯವೂ ಸರಿಯಾಗಿ ಕೂತಿರಲಿಲ್ಲ.

ತಂಗಿ ಬಾಗಿಲು ತೆಗೆದರು. ಮೇಡಂ ಕುರ್ಚಿಯಲ್ಲಿ ಕೂತಿದ್ದರು. ಪುಟ್ಟ ದೇಹ ಇನ್ನೂ ಪುಟ್ಟದಾಗಿತ್ತು, ಕಿವಿಯಲ್ಲಿ ಹಿಯರಿಂಗ್ ಏಡ್. ಕಾಲಿಗೆ ನಮಸ್ಕಾರ ಮಾಡಿ, ನಾನು ಯಾರು, ಯಾವ ವರ್ಷದವಳು, ಬಿನ್ನಿಪೇಟೆಯ ನಮ್ಮ ಮನೆಗೆ ಅವರು ಬಂದದ್ದು, ಎಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

“ನೆನಪಿಲ್ಲ ಕಣಮ್ಮ.”

ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು. “ಸುಳ್ಳು ಹೇಳಿ ಏನು ಮಾಡ್ಲಿ? ಎಷ್ಟೋ ಮನೆಗೆ ಹೋಗಿದೀನಿ. ಕೆಲವ್ರು ಕೂರಿಸಿ ಮಾತಾಡಿದ್ರು, ಕೆಲವ್ರು ಬಾಗಿಲಲ್ಲೇ ನಿಲ್ಸಿ ಕಳಿಸಿದ್ರು. ಎಲ್ಲಾ ಮುಖ ಕಲಸಿಹೋಗಿದೆ. ಎಲ್ಲಿ, ಆ ಕಾಗದ ಕೊಡು ನೋಡೋಣ.”

ಭೂತಗನ್ನಡಿ ಹಿಡಿದು ಅಪ್ಪನ ಕಾಗದ ಎರಡು ಸಲ ಓದಿದರು. “ಅಕ್ಷರ ಎಷ್ಟು ಶುದ್ಧವಾಗಿದೆ ನೋಡು. ಎಲ್ಲಿ ಕಲಿತಿದ್ರು?”

“ಮಿಲ್ಲಿನವರಿಗೆ ಅಂತ ಸಂಜೆ ಪಾಠ ನಡೀತಿತ್ತು ಮೇಡಂ. ನಾನು ಹುಟ್ಟಿದ ಮೇಲೆ ಕಲಿತಿದ್ದು.”

“ರುಜು ನಂದು, ಬರೆದದ್ದು ನಾನಲ್ಲ,” ಎಂದು ಆ ಸಾಲನ್ನು ಜೋರಾಗಿ ಓದಿದರು. “ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡೋರು ಕಮ್ಮಿ ಕಣಮ್ಮ. ನೀನು ನನಗೆ ಥ್ಯಾಂಕ್ಸ್ ಹೇಳೋಕೆ ಬಂದಿದೀಯ. ನಾನು ಹೋಗಿದ್ದು ಒಂದು ಸಂಜೆ. ಮಾರನೇ ದಿನದಿಂದ ನಿಮ್ಮ ಮಾವನ್ನ, ಮಾಗಡಿಯವರನ್ನ, ನೆಂಟರನ್ನೆಲ್ಲಾ ಎದುರಿಸಿದ್ದು ನಿಮ್ಮಪ್ಪ.”

ಅಪ್ಪ ತೀರಿಕೊಂಡಾಗ ಅತ್ತಿದ್ದೆ. ಆದರೆ ಅವನಿಗೆ ಕೃತಜ್ಞತೆ ಹೇಳಬೇಕೆಂದು ನನಗೆ ಅನ್ನಿಸಿರಲಿಲ್ಲ, ಹೇಳುವುದಕ್ಕೆ ನಿರ್ದಿಷ್ಟವಾಗಿ ಏನೂ ಗೊತ್ತಿರಲಿಲ್ಲ. ಅವತ್ತು ಮೇಡಂ ಮುಂದೆ ಕೂತು ಅಪ್ಪನ ಬಗ್ಗೆ ಒಂದು ಗಂಟೆ ಮಾತಾಡಿದೆ. ಮಿಲ್ಲಿನ ಸದ್ದಿನಲ್ಲಿ ಕೆಲಸ ಮಾಡಿ ಅವನ ಕಿವಿ ಮಂದವಾದದ್ದು, ಡಿಗ್ರಿ ಬಂದ ದಿನ ಸರ್ಟಿಫಿಕೇಟನ್ನು ತಲೆಕೆಳಗೆ ಹಿಡಿದು ಫೋಟೋ ತೆಗೆಸಿಕೊಂಡದ್ದು. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಮೇಡಂ ನಕ್ಕು ಕಣ್ಣೊರೆಸಿಕೊಂಡರು.

ಊಟ ಮಾಡಿಸಿಯೇ ಕಳಿಸಿದರು. ಊಟದ ಮೇಲೆ ತಮ್ಮ ಮಂಚದ ಕೆಳಗಿನ ಎರಡು ಟ್ರಂಕುಗಳನ್ನು ತೋರಿಸಿದರು. ಒಳಗೆ ವಿದ್ಯಾರ್ಥಿನಿಯರು ಬರೆದ ಕಾಗದಗಳು, ಮದುವೆಯ ಕರೆಯೋಲೆಗಳು, ಹತ್ತಾರು ಪುಟ್ಟ ನೋಟ್‌ಬುಕ್ಕುಗಳು. ಯಾರ ಮನೆಗೆ ಹೋದೆ, ಏನಾಯಿತು ಎಂದು ಮೇಡಂ ಬರೆದಿಟ್ಟಿದ್ದರು.

“ಕಾಲೇಜಿಗೆ ಕೊಡ್ತೀನಿ ಅಂದುಬಿಟ್ಟೆ. ಆಮೇಲೆ ಭಯ ಆಯ್ತು. ಇದರಲ್ಲಿ ಹುಡುಗೀರ ಮನೆ ಗುಟ್ಟೆಲ್ಲಾ ಇದೆ. ಯಾರೋ ಓದಿ ಫೋನಲ್ಲಿ ಹಾಕಿದ್ರೆ? ಸುಟ್ಟುಬಿಡೋಣ ಅಂದ್ಕೊಂಡೆ.”

“ಸುಡೋಕೆ ಮನೇಲಿ ಒಲೆ ಎಲ್ಲಿದೆ? ಟೆರೇಸ್ ಮೇಲೆ ಹೊಗೆ ಎಬ್ಬಿಸಿದ್ರೆ ಪಕ್ಕದ ಮನೆಯೋರು ಜಗಳಕ್ಕೆ ಬರ್ತಾರೆ” ಎಂದರು ತಂಗಿ.

ಆ ಪಕ್ಕದ ಮನೆಯವರಿಗೂ ನಾನು ಋಣಿ. ಟ್ರಂಕು ಉಳಿದವು. ಲೈಬ್ರರಿಯನ್ ಸಾರ್, ಮೇಡಂ, ನಾನು ಮೂವರೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ಒಬ್ಬ ನಂಬಿಕಸ್ತ ವ್ಯಕ್ತಿ ಎಲ್ಲವನ್ನೂ ಓದಿ ವಿಂಗಡಿಸಬೇಕು. ಮನೆಯ ಗುಟ್ಟಿರುವುದನ್ನು ಲಕೋಟೆಯಲ್ಲಿ ಹಾಕಿ ಮುದ್ರೆ ಒತ್ತಬೇಕು. ಅದರ ಒಡತಿ ಒಪ್ಪದೆ ಯಾರಿಗೂ ತೆರೆಯಬಾರದು. ಆ ನಂಬಿಕಸ್ತ ವ್ಯಕ್ತಿ ಯಾರು ಎಂದು ಕೇಳಿದಾಗ ಇಬ್ಬರೂ ನನ್ನನ್ನೇ ನೋಡಿದರು.

ನಿವೃತ್ತಿಯಾದ ಮರುವಾರದಿಂದಲೇ ಹೋಗತೊಡಗಿದೆ. ಹೆಸರಿನ ತಕರಾರು ಅಷ್ಟರಲ್ಲಿ ಬಗೆಹರಿದಿತ್ತು. ವಾರಕ್ಕೆರಡು ದಿನ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಮೂವತ್ತು ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಮೊದಲ ಪಾಠವಾಗಿ ಚರಿತ್ರೆಯ ಆಧಾರಗಳನ್ನು ಕಲಿಸಿದ್ದೆ: ಶಾಸನ, ನಾಣ್ಯ, ತಾಳೆಗರಿ. ರಜಾ ಚೀಟಿಯೂ ಆಧಾರವೇ ಎಂದು ಒಂದು ಸಲವೂ ಹೇಳಿರಲಿಲ್ಲ.

ನಮ್ಮ ಮನೆಯ ಸಂಜೆ ಮೂರನೇ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. “ಬಿನ್ನಿಪೇಟೆ ಲೈನು ಮನೆ. ತಂದೆಗೆ ಕಾಗದದ ವಿಷಯ ಗೊತ್ತಿರಲಿಲ್ಲ. ಒಳ್ಳೆಯವರು. ಕಾಫಿ ಚೆನ್ನಾಗಿತ್ತು. ಒಪ್ಪಿದರು.” ಅಮ್ಮನಿಗೆ ಓದಿ ಹೇಳಿದರೆ, “ಚೆನ್ನಾಗಿರ್ದೆ ಏನು, ಹೊಸ ಡಿಕಾಕ್ಷನ್ ಇಳಿಸಿದ್ದೆ” ಎಂದಳು.

ಎಲ್ಲ ಪುಟಗಳೂ ಹಾಗಿರಲಿಲ್ಲ. “ಒಪ್ಪಲಿಲ್ಲ” ಎಂಬ ಮಾತು ಮೇಲಿಂದ ಮೇಲೆ ಬರುತ್ತಿತ್ತು. ಕೆಲವೆಡೆ “ಹುಡುಗಿ ಒಳಗಿನಿಂದ ನೋಡುತ್ತಿದ್ದಳು” ಎಂದಿರುತ್ತಿತ್ತು. ಅಂಥ ದಿನ ಬೇಗ ಎದ್ದು ಮನೆಗೆ ಬಂದುಬಿಡುತ್ತಿದ್ದೆ. ನನ್ನ ಅದೃಷ್ಟ ಎಷ್ಟು ಸಣ್ಣ ಅಂತರದ್ದು ಎಂದು ಆ ಪುಟಗಳೇ ನನಗೆ ತಿಳಿಸಿದವು.

ಒಂದು ಪುಟದಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯ ಹೆಸರು ಬಂತು. ಕೊನೆಯ ವರ್ಷ ದಸರಾ ರಜೆಯ ನಂತರ ಅವಳು ಬರಲೇ ಇಲ್ಲ. ನಾವೆಲ್ಲ ಮದುವೆಯಾಯಿತೇನೋ ಎಂದುಕೊಂಡು ಸುಮ್ಮನಾಗಿದ್ದೆವು. ಮೇಡಂ ಸುಮ್ಮನಾಗಿರಲಿಲ್ಲ. “ಕಾಮಾಕ್ಷಿಪಾಳ್ಯ. ಬೀಗ. ಮತ್ತೆ ಹೋಗಬೇಕು.” ನಾಲ್ಕು ಪುಟದ ನಂತರ: “ಮತ್ತೆ ಹೋದೆ. ತಂದೆ ತೀರಿಕೊಂಡು ಮನೆ ಖಾಲಿ ಮಾಡಿದ್ದಾರೆ. ಎಲ್ಲಿಗೆ ಎಂದು ಯಾರಿಗೂ ತಿಳಿಯದು.” ಲೈಬ್ರರಿಯನ್ ಸಾರ್ ಅವಳ ಫೈಲ್ ಹುಡುಕಿ ನೋಡಿದರು. ಬೇರೇನೂ ಹೇಳದೆ ಒಂದು ಹಾಳೆಯನ್ನು ಮಾತ್ರ ತೋರಿಸಿದರು. ಅವಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅಸಲು ಪ್ರತಿ. ಅಡ್ಮಿಷನ್ ಸಮಯದಲ್ಲಿ ಕೊಟ್ಟದ್ದು, ವಾಪಸ್ಸು ಪಡೆಯಲು ಅವಳು ಬಂದೇ ಇರಲಿಲ್ಲ.

“ಇದು ಅವರಿಗೆ ಸೇರಬೇಕಾದ್ದು. ಹುಡುಕೋಕಾಗತ್ತಾ?” ಎಂದರು.

ಹಳೆಯ ವಿಳಾಸದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ, ಕೆಳಗೆ ಬ್ಯಾಟರಿ ಅಂಗಡಿ. ಎದುರು ಸಾಲಿನಲ್ಲಿ ಉಳಿದಿದ್ದ ಒಂದೇ ಹೆಂಚಿನ ಮನೆಯ ಅಜ್ಜಿ ನನ್ನ ಮಾತು ಪೂರ್ತಿ ಕೇಳಿ, “ಅವಳಾ? ಬಸವೇಶ್ವರನಗರದಲ್ಲಿ ಚಟ್ನಿಪುಡಿ ಅಂಗಡಿ ಇಟ್ಟವ್ಳೆ, ಹೋದ ಹಬ್ಬಕ್ಕೂ ಬಂದಿದ್ಲು” ಎಂದು ದಾರಿ ಹೇಳಿದರು. ನಲವತ್ತು ವರ್ಷ ಎಲ್ಲಿಗೆ ಹೋದಳೋ ಎಂದುಕೊಂಡಿದ್ದವಳು ನನ್ನಿಂದ ಎರಡು ಬಸ್ ಸ್ಟಾಪು ದೂರದಲ್ಲಿದ್ದಳು.

ಚಟ್ನಿಪುಡಿ, ಕೋಡುಬಳೆ, ಹುರಿಗಾಳು ಮಾರುವ ಪುಟ್ಟ ಅಂಗಡಿ. ತಕ್ಕಡಿಯ ಹಿಂದೆ ನಿಂತಿದ್ದವಳನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ, ಗಲ್ಲದ ಮೇಲಿನ ಮಚ್ಚೆ ಹಾಗೇ ಇತ್ತು. ಅವಳು ನನ್ನನ್ನು ಗಿರಾಕಿ ಎಂದೇ ತಿಳಿದು, “ಏನ್ ಬೇಕು ಮೇಡಂ?” ಎಂದಳು. ನಾನು ನಮ್ಮ ರಿಜಿಸ್ಟರ್ ನಂಬರ್ ಎರಡನ್ನೂ ಒಂದರ ಹಿಂದೊಂದು ಹೇಳಿದೆ. ಅವಳ ಕೈಯಲ್ಲಿದ್ದ ಪೊಟ್ಟಣ ಕೌಂಟರಿನ ಮೇಲೆ ಬಿತ್ತು.

“ಅಯ್ಯೋ, ನೀನೇನೇ!”

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ಕೋಡುಬಳೆ ಕೊಟ್ಟಳು. ಅಪ್ಪ ತೀರಿಕೊಂಡದ್ದು, ಅಜ್ಜಿಯ ಊರಿಗೆ ಹೋದದ್ದು, ಮದುವೆ, ಮತ್ತೆ ಬೆಂಗಳೂರು, ಈ ಅಂಗಡಿ, ಎಲ್ಲವನ್ನೂ ಗಿರಾಕಿಗಳ ನಡುನಡುವೆ ಎದ್ದು ಹೋಗಿ ಬರುತ್ತಲೇ ಹೇಳಿದಳು. ದುಃಖದ ದನಿಯಲ್ಲಿ ಹೇಳಲಿಲ್ಲ. ಮೇಡಂ ಎರಡು ಸಲ ಹುಡುಕಿಕೊಂಡು ಹೋಗಿದ್ದರು ಎಂದಾಗ ಮಾತ್ರ ಗಿರಾಕಿ ಕರೆದರೂ ಏಳಲಿಲ್ಲ.

“ನನ್ನನ್ನ ಹುಡುಕಿದ್ರಾ? ಎರಡು ಸಲ? ನಾನೇನೋ, ಯಾರಿಗೂ ಗೊತ್ತೇ ಆಗ್ಲಿಲ್ಲ ಅಂದ್ಕೊಂಡಿದ್ದೆ.”

ಮುಂದಿನ ವಾರ ಅವಳು ಅಂಗಡಿಯನ್ನು ಸೊಸೆಗೆ ಒಪ್ಪಿಸಿ ಕಾಲೇಜಿಗೆ ಬಂದಳು. ಲೈಬ್ರರಿಯನ್ ಸಾರ್ ಅಂಕಪಟ್ಟಿಯನ್ನು ಲಕೋಟೆಯಿಂದ ತೆಗೆದು ಅವಳ ಮುಂದಿಟ್ಟು, ಸ್ವೀಕೃತಿಯ ಪುಸ್ತಕ ತೆರೆದು ಪೆನ್ನು ಕೊಟ್ಟರು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹಾಳೆಯನ್ನು ಎತ್ತಿಕೊಂಡಳು. ಗಣಿತದ ಅಂಕದ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಒಳ್ಳೆಯ ಅಂಕವೇ. ಆಮೇಲೆ ಪೆನ್ನನ್ನು ಕೆಳಗಿಟ್ಟಳು.

“ಸಾರ್, ಇದು ಇಲ್ಲೇ ಇರಬಹುದಾ?”

“ಇದು ನಿಮ್ಮದಮ್ಮಾ. ತಗೊಂಡು ಹೋಗೋಕೆ ಅಂತಾನೇ ಕರೆಸಿದ್ದು.”

“ಮನೇಲಿ ಇಟ್ರೆ ಎಲ್ಲೋ ಕಳೆದುಹೋಗತ್ತೆ. ಈ ವಯಸ್ಸಲ್ಲಿ ನಂಗ್ಯಾರು ಕೇಳ್ತಾರೆ ಮಾರ್ಕ್ಸ್ ಕಾರ್ಡು? ಇಲ್ಲಿದ್ರೆ, ನಾನೂ ಈ ಕಾಲೇಜಲ್ಲಿ ಓದಿದ್ದೆ ಅಂತ ಒಂದು ಕಡೆ ಇರತ್ತೆ.”

ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಬೇರೊಂದು ಪುಸ್ತಕ ತೆರೆದು, ಒಡತಿಯ ಇಚ್ಛೆಯಂತೆ ಅಸಲು ಇಲ್ಲಿಯೇ ಇರತಕ್ಕದ್ದು ಎಂದು ಬರೆದು ಅವಳ ಸಹಿ ತೆಗೆದುಕೊಂಡರು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಮೊಮ್ಮಗಳಿಗೆ ತೋರಿಸಬೇಕೆಂದು ಅವಳು ಮೊಬೈಲಿನಲ್ಲಿ ಅಂಕಪಟ್ಟಿಯ ಫೋಟೋ ತೆಗೆದುಕೊಂಡಳು. ಅಕ್ಷರ ಮಸುಕು ಬಂತೆಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಸರಿಸಿ ಇನ್ನೊಂದು ಸಲ ತೆಗೆದಳು.

ಹೊರಗೆ ಬಂದಾಗ ಊಟದ ಹೊತ್ತಾಗಿತ್ತು. ಕೆಂಗೇರಿಗೆ ಹೋಗಿ ಮೇಡಂ ಅವರನ್ನು ನೋಡೋಣವೇ ಎಂದು ಅವಳೇ ಕೇಳಿದಳು. ಸೊಸೆಗೆ ಫೋನ್ ಮಾಡಿ, “ಸಂಜೆ ಆಗತ್ತೆ ಕಣೇ, ನೀನೇ ನೋಡ್ಕೋ” ಎಂದಳು. ನಾವಿಬ್ಬರೂ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಮೇಡಂಗೆ ಮೆತ್ತಗಿನ ಹಣ್ಣು ಯಾವುದು ಸರಿ ಎಂದು ವಾದ ಮಾಡುತ್ತ ಹಣ್ಣಿನ ಗಾಡಿಯ ಮುಂದೆ ನಿಂತೆವು.